ಗುಡ್ಡದ ಮೇಲಿನ ನೀರು

ಬ್ಯಾಡಗಿ ಕಡೆಯ ಆ ಹಳ್ಳಿಯಲ್ಲಿ ಚಹಾದಂಗಡಿ ಇಟ್ಟಿದ್ದ ಮುದುಕ, ಯಾರು ಏನೇ ಹೇಳಿದರೂ ಒಂದು ಕಣ್ಣು ಕಿರಿದು ಮಾಡಿ, "ಖರೇ ಹೇಳ್ರಿ" ಎನ್ನುತ್ತಿದ್ದ. ನಾನೂ ಗೆಳೆಯನೂ ಅವನ ಬೆಂಚಿನ ಮೇಲೆ ನಕಾಶೆ ಹರಡಿ, ಮೂರು ಗುಡ್ಡ ಸುತ್ತಿ ಅಲ್ಲಿಗೇ ಮರಳುವ ದಾರಿ ಗುರುತು ಹಾಕುತ್ತಿದ್ದೆವು.

"ಹೊಳ್ಳಿ ಇಲ್ಲಿಗೇ ಬರೂದಾದ್ರ ಹೋಗೂದ್ಯಾಕ್ರಿ? ಖರೇ ಹೇಳ್ರಿ, ಕಲ್ಲಿನ ಖಣಿಯವ್ರು ಕಳಿಸ್ಯಾರಿಲ್ಲೋ?"

"ಬರೇ ನಡಿಯಾಕ ಬಂದೇವ್ರಿ ಅಜ್ಜಾರ. ಮ್ಯಾಲ ನೀರು ಸಿಗತೈತೇನ್ರಿ?"

"ಒಂದ್ ಹನಿನೂ ಇಲ್ಲ."

ಹೊತ್ತೊಯ್ದ ನೀರು ಎರಡನೆಯ ಗುಡ್ಡದಲ್ಲೇ ಮುಗಿಯಿತು. ಸಂಜೆ ಬಾಯಿ ಒಣಗಿಸಿಕೊಂಡು ಇಳಿದು ಬಂದರೆ, ಅವನು ಚಹಾ ಕೊಡುವ ಮೊದಲು ನಮ್ಮ ಚೀಲ ಬಿಚ್ಚಿಸಿದ. ಕಲ್ಲಿನ ಚೂರಾಗಲಿ, ಅಳತೆಯ ಟೇಪಾಗಲಿ ಸಿಗಲಿಲ್ಲ. ಆಮೇಲೆ ನಕಾಶೆ ಕೇಳಿ ಪಡೆದು, ಚಹಾದಲ್ಲಿ ಬೆರಳದ್ದಿ ಎರಡನೆಯ ಗುಡ್ಡದ ಮೇಲೆ ಒತ್ತಿದ.

"ಇಲ್ಲಿ ಸೆಲಿ ಐತಿ. ಬ್ಯಾಸಗ್ಯಾಗೂ ಬತ್ತಂಗಿಲ್ಲ."