ಕೆಂಪು ಚೀಟಿಯ ಡಬ್ಬಿ, ನೀಲಿ ಚೀಟಿಯ ಡಬ್ಬಿ

ಎಂಬತ್ತರ ದಶಕದ ಮಾತು. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ ಕುರುಗೋಡಿನ ನಮ್ಮ ಮನೆಯಲ್ಲಿದ್ದೆ. ಅಕ್ಕ ಬಾಣಂತನಕ್ಕೆ ಬಂದು ಅವಳಿ ಹೆಣ್ಣುಮಕ್ಕಳನ್ನು ಹೆತ್ತಿದ್ದಳು. ಒಂದು ಕೂಸು ಅಳು ನಿಲ್ಲಿಸಿದರೆ ಇನ್ನೊಂದು ಶುರು ಮಾಡುತ್ತಿತ್ತು. ನಿದ್ದೆಗೆಟ್ಟ ನಾವು ಸೌಟು ಬಿದ್ದರೂ ನಗುತ್ತಿದ್ದೆವು.

ಅಕ್ಕನ ಹಿರಿಯ ಮಗನಿಗೆ ಹಸುವಿನ ಹಾಲು ಆಗುತ್ತಿರಲಿಲ್ಲ. ಒಂದು ಒಳಲೆ ಕುಡಿದರೆ ಮೈತುಂಬ ದದ್ದು. ಈಗ ಇಬ್ಬರಿಗೆ ಎದೆಹಾಲು ಸಾಲದಾದಾಗ ಬಳ್ಳಾರಿಯ ಮಕ್ಕಳ ಡಾಕ್ಟರಮ್ಮ ನಮ್ಮನ್ನು ಒಂದು ಪರೀಕ್ಷೆಗೆ ಸೇರಿಸಿಕೊಂಡರು. ಹಾಲಿನ ಪ್ರೋಟೀನನ್ನು ಮೊದಲೇ ಸಣ್ಣಗೆ ಒಡೆದು ಮಾಡಿದ ಪುಡಿ ಕೊಟ್ಟರೆ ಇಂಥ ಮನೆಯ ಮಕ್ಕಳಿಗೆ ಅಲರ್ಜಿ ಕಡಿಮೆಯಾಗುತ್ತದೆಯೇ ಎಂದು ನೋಡಬೇಕಿತ್ತು. ಒಂದು ಕೂಸಿಗೆ ಆ ಪುಡಿ, ಇನ್ನೊಂದಕ್ಕೆ ಸಾಮಾನ್ಯ ಪುಡಿ. ಒಂದು ಡಬ್ಬಿಗೆ ಕೆಂಪು ಚೀಟಿ, ಇನ್ನೊಂದಕ್ಕೆ ನೀಲಿ. ಯಾವುದರಲ್ಲಿ ಏನಿದೆ ಎಂಬುದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಅದು ಮುಚ್ಚಿದ ಲಕೋಟೆಯಲ್ಲಿತ್ತು.

ಕಲಿತವಳೆಂದು ಹಾಲು ಕಲಸುವ, ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ನನಗೆ ಬಂತು. ಕೂಸುಗಳ ಕಾಲಿಗೆ ಕೆಂಪು ದಾರ, ನೀಲಿ ದಾರ ಕಟ್ಟಿದೆ.

"ಬಂದ್ಲು ನೋಡು ನಮ್ಮ ಡಾಕ್ಟ್ರು! ಉಚ್ಚಿ ಹೊಯ್ದದ್ದೂ ಬರಕೊಂತಾಳ," ಎಂದು ಅವ್ವ ಅಣಕಿಸಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುವಳು.

ಮೂರನೆಯ ವಾರ, ಒಂದು ಬೆಳಿಗ್ಗೆ, ಎರಡೂ ಡಬ್ಬಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದು ಕಂಡಿತು. ಒಲೆಯ ಪಕ್ಕ ಒಂದೇ ಸ್ಟೀಲ್ ಡಬ್ಬಿ, ಅದರ ತುಂಬ ಪುಡಿ. ನೋಡಿದೆ. ಕೇಳಲಿಲ್ಲ. ಅಕ್ಕ ಏನೋ ಹೇಳಿ ನಗಿಸುತ್ತಿದ್ದಳು. ನಗುತ್ತಲೇ ಅದರಿಂದಲೇ ಎರಡೂ ಸೀಸೆಗೆ ಕಲಸಿದೆ.

ನೀಲಿ ದಾರದ ಕೂಸು ಕುಡಿದು ತೇಗಿತು. ಕೆಂಪು ದಾರದ ಕೂಸಿನ ತುಟಿ ನೋಡನೋಡುತ್ತಲೇ ಊದಿತು. ಕಣ್ಣು ಊದಿ ಮುಚ್ಚಿಹೋದವು. ಎದೆಯೊಳಗೆ ಸಣ್ಣ ಸೀಟಿ. ಇಂದಿಗೂ ಕುಕ್ಕರ್ ಕೂಗುವ ಮೊದಲು ಸುಯ್ಯೆಂದರೆ ನಾನು ಒಲೆ ಆರಿಸಿಬಿಡುತ್ತೇನೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿರುಗುಪ್ಪದ ಅಕ್ಕಿ ಲಾರಿಯೊಂದು ಅಂಗಡಿಗೆ ಚೀಲ ಇಳಿಸಿ ಬಳ್ಳಾರಿಗೆ ಹೊರಟಿತ್ತು. ಉಳಿದ ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ ಅವ್ವ ಅದಕ್ಕೆ ಅಡ್ಡ ನಿಂತಳು.

"ಹತ್ತರ್ರಿ ಯವ್ವಾ," ಡ್ರೈವರ್ ಬಾಗಿಲು ತೆಗೆದ. "ಬ್ರೇಕ್ ಅಷ್ಟಕ್ಕಷ್ಟೇ, ಹಾರ್ನ್ ಮಾತ್ರ ಭಾರಿ ಐತಿ."

ಆ ಹಾರ್ನಿಗೆ ಎಮ್ಮೆಗಳು ಭತ್ತದ ಗದ್ದೆಗೆ ಹಾರಿದವು. ಅಳುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು, ನನಗೂ ತಡೆಯಲಾಗಲಿಲ್ಲ. ನಗುತ್ತ, ಅಳುತ್ತ, ಕೂಸಿನ ಬಾಯಿಗೆ ಕಿವಿಯಿಟ್ಟಿದ್ದೆ. ಸೀಟಿ ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ.

ಬಳ್ಳಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಸೀಟಿ ಇಳಿಯಿತು. ಕೂಸು ಒಂದು ಕಣ್ಣು ಬಿಟ್ಟು, ನಮ್ಮ ಮೇಲೆ ಸಿಟ್ಟು ಬಂದವರಂತೆ ನೋಡಿತು. ನಮಗೆ ಮತ್ತೆ ನಗು.

"ಡಬ್ಬಿ ಅದಲುಬದಲಾಯ್ತಾ?" ಎಂದರು ಡಾಕ್ಟರಮ್ಮ.

"ಬದಲಿ ಯಾಕ ಆಕೈತ್ರಿ? ಎರಡೂ ಕೂಡಿಸಿ ಇಟ್ಟೀನಿ," ಎಂದಳು ಅವ್ವ. "ಒಂದ ಹೊಟ್ಟ್ಯಾಗ ಹುಟ್ಟ್ಯಾವ. ಒಂದಕ್ಕೊಂದು ಪುಡಿ, ಇನ್ನೊಂದಕ್ಕ ಇನ್ನೊಂದಾ? ನಮ್ಮ ಮನ್ಯಾಗ ಬಡಿಸೋದ್ರಾಗ ಭೇದ ಇಲ್ಲರಿ. ಯಾವ್ದು ಚಲೋದು ಅಂದ್ರ ನಿಮಗೂ ಗೊತ್ತಿಲ್ಲಂತೀರಿ. ಹಂಗಾರ ಇಬ್ರಿಗೂ ಪಾಲು ಬರಲಿ ಅಂದೆ."

ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡು ಲಕೋಟೆ ಒಡೆದರು. ಕೆಂಪು ಚೀಟಿಯದೇ ಒಡೆದ ಪ್ರೋಟೀನಿನ ಪುಡಿ; ಈ ಕೂಸಿಗೆ ಆಗದ್ದು ನೀಲಿಯ ಸಾಮಾನ್ಯ ಪುಡಿ. "ಈಕೆಗೆ ಇನ್ನು ಅದೇ, ಬೇರೆ ಏನೂ ಬೇಡ. ನಿಮ್ಮ ಮನೆ ಪರೀಕ್ಷೆಯಿಂದ ಹೊರಗೆ," ಎಂದರು. ನಡೆದದ್ದನ್ನು ಬರೆಯಲು ನನ್ನ ನೋಟ್‌ಬುಕ್ ಮುಂದಿಟ್ಟರು.

'ಅವ್ವ ಎರಡೂ ಪುಡಿ ಬೆರೆಸಿದಳು' ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು. ಆಮೇಲೆ ಕೆಳಗೆ: 'ನಾನು ನೋಡಿದೆ. ನಾನೇ ಕುಡಿಸಿದೆ.'

ಅವ್ವ ಓದಿಸಿ ಕೇಳಿದಳು. "ನಂದು ಮ್ಯಾಲ ಬರದೀಯಲ್ಲ? ಇರಲಿ ಬಿಡು, ದೊಡ್ಡಾಕಿ ನಾನು," ಎಂದು ನನ್ನ ಬೆನ್ನಿಗೊಂದು ಗುದ್ದಿದಳು.

ಅಷ್ಟರಲ್ಲಿ ಕೆಂಪು ದಾರದ ಕೂಸು ಹಸಿದು ಕಿರುಚಿತು. ಡಾಕ್ಟರಮ್ಮ ಕೆಂಪು ಚೀಟಿಯ ಹೊಸ ಡಬ್ಬಿಯಿಂದ ಕಲಸಿಕೊಟ್ಟ ಸೀಸೆಗೆ ಮೂವರೂ ಒಟ್ಟಿಗೇ ಕೈ ಚಾಚಿದೆವು. ನನ್ನ ಕೈ ಅರ್ಧಕ್ಕೇ ನಿಂತಿತು.