ಸುಣ್ಣ ಬಳಿದ ಬಾಂದುಕಲ್ಲು

ಸರ್ವೆಯರ್ ಬರ್ತಾನೆ ಅಂದ್ರೆ ಊರಲ್ಲಿ ಗಡಿ ಗುರುತಿನ ಬಾಂದುಕಲ್ಲುಗಳು ರಾತ್ರೋರಾತ್ರಿ ಮಾಯವಾಗೋದು ಮಾಮೂಲು. ಎಪ್ಪತ್ತರ ದಶಕದಲ್ಲಿ ಕೆ.ಆರ್. ಪುರದ ಆಚೆ ಒಂದು ಹಳ್ಳಿಯ ಗುಂಡುತೋಪು ಅಳೆಯೋಕೆ ಹೋದಾಗ ಮಾತ್ರ ನಾನೇ ಬೆರಗಾದೆ. ಸರ್ಕಾರಿ ಜಾಗದ ಆ ಮಾವಿನ ತೋಪಿನ ಸುತ್ತ ಒಂದೊಂದು ಕಲ್ಲೂ ಬೆಳ್ಳಗೆ ಸುಣ್ಣ ಬಳಿಸಿಕೊಂಡು ನಿಂತಿತ್ತು.

"ಯುಗಾದೀಲಿ ಮನೆಗೆ ಬಳಿದು ಮಿಕ್ಕ ಸುಣ್ಣಾನ ಊರೋರೆಲ್ಲ ಇದಕ್ಕೆ ಬಳೀತೀವಿ ಸ್ವಾಮಿ," ಅಂದ್ರು ತೋಪಿನ ಪಕ್ಕದ ಮನೆಯ ಮುನಿತಾಯಜ್ಜಿ. "ಉದುರಿದ ಹಣ್ಣು ಬಿಟ್ರೆ ಯಾರೂ ಮರಕ್ಕೆ ಕೈ ಹಾಕಲ್ಲ. ನನ್ನ ಮಗನೇ ಒಂದ್ಸಲ ಬೇಲಿ ಮುಂದಕ್ಕೆ ಹಾಕಿದ್ದ. ನಾನೇ ಕೀಳಿಸ್ದೆ."

ಅಜ್ಜಿ ಬಿಸಿಲಲ್ಲಿ ನನ್ನ ಜೊತೆ ಸುತ್ತಿದ್ರು. ಅಳತೆ ಚೈನಿನ ತುದಿ ಹಿಡಿದ್ರು. ಮಜ್ಜಿಗೆ ಕೊಟ್ಟು, "ಸರ್ಕಾರದೋರು ತೋಪಿಗೆ ಬೇಲಿ ಹಾಕಿಸ್ತಾರಾ ಸ್ವಾಮಿ?" ಅಂತ ಕೇಳಿದ್ರು.

ನಿಜ ಹೇಳ್ಬೇಕಿತ್ತು. ಆಫೀಸಿನವರು ಬಡಾವಣೆ ಮಾಡೋಕೆ ತಕರಾರಿಲ್ಲದ ಜಾಗ ಹುಡುಕ್ತಿದ್ರು. ಅಕ್ಕಪಕ್ಕದ ಊರಿನವರು ತಮ್ಮ ತೋಪುಗಳನ್ನ ಒತ್ತುವರಿ ಮಾಡಿ ಕೋರ್ಟಿಗೆ ಹೋಗಿದ್ರಿಂದ, ಅವನ್ನ ಮುಟ್ಟೋ ಹಾಗಿರಲಿಲ್ಲ.

"ನೋಡ್ಬೇಕಜ್ಜಿ," ಅಂದೆ.

ರಿಪೋರ್ಟಿನಲ್ಲಿ ಇದ್ದದ್ದನ್ನೇ ಬರೆದೆ. ಒತ್ತುವರಿ ಇಲ್ಲ, ಕಲ್ಲುಗಳೆಲ್ಲ ಸುಸ್ಥಿತಿಯಲ್ಲಿವೆ. ಮೇಲಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಸೈಟುಗಳನ್ನ ಗುರುತು ಮಾಡೋಕೆ ಮತ್ತೆ ಅಲ್ಲಿಗೆ ಹೋದೆ. ಒಂದು ಮರವೂ ಉಳಿದಿರಲಿಲ್ಲ. ಕಲ್ಲುಗಳಿಗೆ ಮಾತ್ರ ಯಾರೋ ಹೊಸದಾಗಿ ಸುಣ್ಣ ಬಳಿದಿದ್ರು.

ನನ್ನ ಕೆಲಸ ಅರ್ಧ ದಿನದಲ್ಲೇ ಮುಗಿದುಹೋಯ್ತು.