ನದಿಗೆ ಬಿಟ್ಟ ಅಂಗಿ

‘ಪಪ್ಪಾ, ಈ ಅಂಗಿ ನಿಂದೇ ಅದ ಅಲಾ? ಗುಂಡಿ ನಾನೇ ಹಚ್ಚಿದ್ದು.’

ಗಾಣಗಾಪುರದ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೇಳಿದವಳು ಪಿಯುಸಿ ಓದುವ ನನ್ನ ಮಗಳು. ಪ್ರತಿ ಭಾನುವಾರದ ಪರಿಸರ ಶಿಬಿರದ ಗೆಳತಿಯರೊಂದಿಗೆ, ಭಕ್ತರು ನದಿಗೆ ಬಿಟ್ಟ ಬಟ್ಟೆಗಳನ್ನು ಎಳೆದು ದಂಡೆಗೆ ಹಾಕುತ್ತಿದ್ದಳು. ಎಂಜಿನಿಯರಿಂಗ್ ಬೇಡ, ನದಿ ಕಾಯುವ ಕೆಲಸವನ್ನೇ ಕಲಿಯುತ್ತೇನೆ ಎಂದು ಅವಳು ಅಂದಾಗಿನಿಂದ ನನಗೆ ನಿದ್ದೆಯಿಲ್ಲ. ಸ್ನಾನ ಮಾಡಿ ಮೈಮೇಲಿನ ಬಟ್ಟೆ ಬಿಟ್ಟರೆ ಚಿಂತೆಯೂ ಹರಿದುಹೋಗುತ್ತದೆಂದು ಯಾರೋ ಹೇಳಿದ್ದರು. ಅವಳನ್ನು ಶಿಬಿರಕ್ಕೆ ಬಿಟ್ಟವನೇ ಹೊಳೆಗುಂಟ ತುಸು ಮೇಲಕ್ಕೆ ಹೋಗಿ ಮುಳುಗೆದ್ದು, ಅಂಗಿ ನೀರಿಗೆ ಬಿಟ್ಟಿದ್ದೆ.

‘ನಿನ್ನ ಚಿಂತಿ ಬಿಟ್ಟೇನಿ ಬೇ,’ ಎಂದೆ.

‘ನೀ ಬಿಟ್ಟ ಚಿಂತಿ ನಾವ್ ತೆಗೀಬೇಕೇನು? ಹಿಡಿ, ಹಿಂಡು.’

ಅಂಗಿ ಈಗ ಮನೆಯ ತಂತಿಯ ಮೇಲಿದೆ. ಚಿಂತೆಯೂ ಅದರ ಜೊತೆಗೇ ಬಂದಿದೆ, ಸ್ವಲ್ಪ ಬದಲಾಗಿ: ಮುಂದಿನ ಭಾನುವಾರ ಅವಳು ಇಳಿಯುವಲ್ಲಿ ನೀರೆಷ್ಟು ಆಳವೋ?